ಬೆರಕೆ ಕಿತ್ತ ದಿನ

ಸಿಟ್ಟು ನನ್ನ ಮೂಗಿನ ತುದಿಯಲ್ಲೇ ಇರುತ್ತದೆ ಎಂದು ಮನೆಯಲ್ಲಿ ಎಲ್ಲರೂ ಹೇಳುತ್ತಾರೆ. ಅದು ಸುಳ್ಳಲ್ಲ. ಆದರೆ ಚೋರನೂರಿನ ಹೊಲದಲ್ಲಿ ಆ ಮಧ್ಯಾಹ್ನ ಬಂದಂಥ ಸಿಟ್ಟು ಅದಕ್ಕೆ ಮೊದಲೂ ಬಂದಿರಲಿಲ್ಲ, ಆಮೇಲೂ ಬಂದಿಲ್ಲ.

ನನ್ನ ಕೆಲಸ ಮೇವಿನ ಸಜ್ಜೆಯ ತಳಿ ತೆಗೆಯುವುದು. ಹೊಸಪೇಟೆಯ ನಮ್ಮ ಓಣಿಯಲ್ಲಿ ಯಾರಾದರೂ ಕೇಳಿದರೆ 'ಹುಲ್ಲು ನೋಡುವ ಕೆಲಸ' ಎಂದುಬಿಡುತ್ತೇನೆ. ಗುಡಿಯ ಪೂಜೆ ಮಾಡಿಕೊಂಡು ಬಂದ ಮನೆತನದ ಹುಡುಗಿ ಹುಲ್ಲು ನೋಡಲು ಅಷ್ಟು ದೂರ ಬಸ್ಸಿನಲ್ಲಿ ಹೋಗುತ್ತಾಳಲ್ಲ ಎಂದು ಅವರು ನನ್ನ ತಾಯಿಯ ಮುಖ ನೋಡುತ್ತಾರೆ. ತಾಯಿ ಕಾಫಿ ತರುವ ನೆಪ ಮಾಡಿ ಒಳಗೆ ಹೋಗುತ್ತಾಳೆ.

ಅಪ್ಪನಿಗೆ ಹಂಪಿಯ ಬಳಿ ಒಂದು ತುಂಡು ಬಾಳೆತೋಟವಿತ್ತು. ನಾನು ಗಿಡ ಎಂದರೆ ಏನೆಂದು ಕಲಿತದ್ದು ಅಲ್ಲೇ. ತಾಯಿಗಿಡದ ಬುಡದಿಂದ ಕಂದು ಕಿತ್ತು ಬೇರೆ ಕಡೆ ನೆಟ್ಟರೆ ಅದೇ ಎತ್ತರ, ಅದೇ ಗೊನೆ, ಅದೇ ರುಚಿ. ತೋಟದ ಈ ತುದಿಯಿಂದ ಆ ತುದಿಗೆ ನಡೆದರೂ ಒಂದೇ ಗಿಡವನ್ನು ನೋಡುತ್ತಿದ್ದೇನೆ ಎನ್ನಿಸುತ್ತಿತ್ತು. ಗಿಡಗಳು ಹಾಗೇ ಇರುತ್ತವೆ ಎಂದುಕೊಂಡಿದ್ದೆ. ಮೊದಲ ಸಲ ಸಜ್ಜೆಯ ಪ್ರಯೋಗದ ತಾಕಿಗೆ ಇಳಿದ ದಿನ ಆ ನಂಬಿಕೆ ಮುರಿಯಿತು.

ಒಂದೇ ತೆನೆಯ ಕಾಳು ಬಿತ್ತಿದರೂ ಸಜ್ಜೆಯಲ್ಲಿ ಒಂದರ ಹಾಗೆ ಇನ್ನೊಂದಿಲ್ಲ. ಒಂದು ಆಳೆತ್ತರ ಬೆಳೆದರೆ ಪಕ್ಕದ್ದು ಸೊಂಟಕ್ಕೇ ನಿಲ್ಲುತ್ತದೆ. ಒಂದರ ಎಲೆ ಎರಡು ಬೆರಳಗಲ, ಮತ್ತೊಂದರದು ನಾಲ್ಕು ಬೆರಳಗಲ. ಒಂದರ ದಂಟಿಗೆ ನೇರಳೆ ಬಣ್ಣ, ಇನ್ನೊಂದರ ಗಿಣ್ಣಿಗೆ ಮೀಸೆ ಬಂದಂತೆ ರೋಮ. ಬುಡದಲ್ಲಿ ಇಪ್ಪತ್ತು ಮರಿ ಒಡೆದದ್ದೂ ಇದೆ, ಮರಿಯೇ ಬೇಡವೆಂದು ಒಂಟಿಯಾಗಿ ನಿಂತದ್ದೂ ಇದೆ. ಕಾರಣ ಅದರ ಹೂವಿನಲ್ಲಿದೆ. ಸಜ್ಜೆಯ ತೆನೆಯಲ್ಲಿ ಹೆಣ್ಣು ಮೊದಲು ಹೊರಬರುತ್ತದೆ. ಬಿಳಿ ನೂಲಿನಂಥ ಎಳೆಗಳು ತೆನೆಯ ತುಂಬ ಚಾಚಿಕೊಂಡು ಗಾಳಿಯಲ್ಲಿ ಬರುವ ಪರಾಗಕ್ಕಾಗಿ ಕಾಯುತ್ತವೆ. ಅದೇ ತೆನೆಯ ಪರಾಗ ಉದುರುವುದು ಎರಡು ಮೂರು ದಿನ ಬಿಟ್ಟು. ಅಷ್ಟರಲ್ಲಿ ಪಕ್ಕದ ಗಿಡದ್ದೋ, ಅದರಾಚೆಯ ಹೊಲದ್ದೋ ಪರಾಗ ಬಂದು ಕೂತಿರುತ್ತದೆ. ತನ್ನದು ತನಗೇ ಸೇರದಂತೆ ಗಿಡವೇ ಏರ್ಪಾಡು ಮಾಡಿಕೊಂಡಿದೆ. ಇದನ್ನು ಪಾಠದಲ್ಲಿ ಓದಿ ಬರೆದು ಅಂಕ ತೆಗೆದುಕೊಂಡಿದ್ದೆ. ಹೊಲದಲ್ಲಿ ಬೆಳಗಿನ ಬಿಸಿಲಿಗೆ ಆ ಬಿಳಿ ಎಳೆಗಳು ಹೊಳೆಯುವುದನ್ನು ಕಂಡಾಗ ಮಾತ್ರ ಮೈ ಜುಮ್ಮೆಂದಿತು. ಎಷ್ಟೋ ಸಾವಿರ ವರ್ಷಗಳಿಂದ ಹೀಗೆ ಬೆರೆಯುತ್ತಾ ಬಂದದ್ದರ ಒಂದು ತುಣುಕು ನನ್ನ ಕಣ್ಣೆದುರು ನಿಂತಿತ್ತು.

ಇಷ್ಟು ವೈವಿಧ್ಯ ಇದ್ದರೆ ಬೇಕಾದ್ದನ್ನು ಆರಿಸಿಕೊಂಡರಾಯಿತು ಎಂದು ಯಾರಿಗಾದರೂ ಅನ್ನಿಸಬಹುದು. ನನಗೂ ಅನ್ನಿಸಿತ್ತು. ಆದರೆ ಗುಣಗಳು ಒಂದೊಂದಾಗಿ ಕೈಗೆ ಸಿಗುವುದಿಲ್ಲ. ಎತ್ತರ ಬೇಕೆಂದು ಆರಿಸಿದರೆ ಅದರ ಹಿಂದೆಯೇ ದಪ್ಪ ದಂಟು ಬರುತ್ತದೆ. ಎಮ್ಮೆ ಎಲೆ ತಿಂದು ದಂಟನ್ನು ಗೋದಲಿಯಲ್ಲೇ ಬಿಡುತ್ತದೆ. ದಂಟು ತೆಳ್ಳಗಿರಲಿ ಎಂದರೆ ತೂಕ ಇಳಿಯುತ್ತದೆ. ಬೇಗ ಬೆಳೆಯಲಿ ಎಂದರೆ ಬೇಗ ತೆನೆ ಹಾಕಿ ಗಟ್ಟಿಯಾಗಿಬಿಡುತ್ತದೆ. ಮೂರು ವರ್ಷ ತಕ್ಕಡಿ, ಅಳತೆಪಟ್ಟಿ ಹಿಡಿದು ಈ ಜಗ್ಗಾಟವನ್ನೇ ಆಡಿದ್ದೆ. ಆ ಹಂಗಾಮಿನ ಕೊನೆಗೆ ಮುಂದುವರಿಸಬಹುದಾದ ಒಂದು ಗಿಡದ ಬೀಜವನ್ನಾದರೂ ತೋರಿಸದಿದ್ದರೆ ಚೋರನೂರಿನ ತಾಕನ್ನು ಮುಚ್ಚುತ್ತೇವೆ ಎಂದು ಸಂಶೋಧನಾ ಕೇಂದ್ರದ ಮೇಲಿನವರು ಹೇಳಿಯೂ ಆಗಿತ್ತು.

ಆಗ ಅದು ಕಂಡಿತು. ಹನ್ನೊಂದನೇ ಸಾಲಿನ ಮಧ್ಯದಲ್ಲಿ, ಹಿಂದಿನ ದಿನ ಮಳೆ ಬಿದ್ದು ತೊಳೆದಂತಿದ್ದ ಒಂದು ಸಂಜೆ. ಬೆರಳಿನಷ್ಟು ತೆಳ್ಳಗಿನ ದಂಟು, ಎಣಿಸಿದರೆ ಇಪ್ಪತ್ತಾರು ಮರಿ, ಬುಡದವರೆಗೂ ಅಗಲ ಎಲೆ, ಎತ್ತರ ನನ್ನ ಭುಜಕ್ಕೆ. ಸುತ್ತಲಿನವೆಲ್ಲ ತೆನೆ ಹಾಕುವ ಸಿದ್ಧತೆಯಲ್ಲಿದ್ದರೆ ಇದಕ್ಕೆ ಅದರ ಸುಳಿವೇ ಇರಲಿಲ್ಲ. ಒಟ್ಟಿಗೆ ಬರುವುದಿಲ್ಲ ಎಂದು ನಾನು ಮೂರು ವರ್ಷದಿಂದ ಬರೆದುಕೊಂಡು ಬಂದಿದ್ದ ಗುಣಗಳೆಲ್ಲ ಒಂದೇ ಬುಡದಲ್ಲಿ ನಿಂತಿದ್ದವು. ನಾನು ದೇವರ ಕೋಣೆಯಲ್ಲೂ ಅಷ್ಟು ಹೊತ್ತು ಸುಮ್ಮನೆ ನಿಂತವಳಲ್ಲ. ಗುರುತಿನ ಚೀಟಿ ಕಟ್ಟಲು ಚೀಲ ತಡಕಿದರೆ ಚೀಟಿಗಳು ಮುಗಿದಿದ್ದವು. ನಾಳೆ ಸಂಡೂರಿನಿಂದ ತಂದರಾಯಿತು, ಗಿಡವೇನು ಓಡಿಹೋಗುತ್ತದೆಯೇ ಎಂದುಕೊಂಡೆ.

ಆ ವಾರ ಹೊಲಕ್ಕೆ ಹೊಸದಾಗಿ ಒಬ್ಬಾಕೆ ಕೆಲಸಕ್ಕೆ ಬರುತ್ತಿದ್ದಳು. ವಯಸ್ಸು ಐವತ್ತು ದಾಟಿರಬೇಕು. ಚೋರನೂರಿನವಳೇ, ಆದರೆ ಹದಿನೈದು ವರ್ಷ ಕಂಪ್ಲಿ ಕಡೆ ಬೀಜದ ಕಂಪನಿಗಳಿಗಾಗಿ ಬೆಳೆಯುವ ಹೊಲಗಳಲ್ಲಿ ದುಡಿದು ಬಂದಿದ್ದಳು. ಉಳಿದ ಹೆಣ್ಣುಮಕ್ಕಳು ಆಕೆಯನ್ನು ದೊಡ್ಡಕ್ಕ ಎನ್ನುತ್ತಿದ್ದರು, ನಾನೂ ಹಾಗೇ ಕರೆದೆ. ಬೀಜದ ಹೊಲದಲ್ಲಿ ಗಿಡಗಳೆಲ್ಲ ಅಚ್ಚೊತ್ತಿದಂತೆ ಒಂದೇ ತರಹ ಇರಬೇಕು. ಒಂದು ಗಿಡ ಬೇರೆಯಾಗಿ ಕಂಡರೂ ಅದನ್ನು ಹೂ ಬಿಡುವ ಮೊದಲೇ ಬೇರುಸಹಿತ ಕೀಳಬೇಕು. ಇಲ್ಲದಿದ್ದರೆ ಇಡೀ ಹೊಲದ ಬೀಜ ಕೆಡುತ್ತದೆ. ಇದಕ್ಕೆ 'ಬೆರಕೆ ಕೀಳುವುದು' ಎಂದು ಹೆಸರು. ಆ ಕೆಲಸದಲ್ಲಿ ದೊಡ್ಡಕ್ಕನನ್ನು ಮೀರಿಸಿದವರಿಲ್ಲ ಎಂದು ಎಲ್ಲರೂ ಹೇಳುತ್ತಿದ್ದರು. ಈ ಮಾತು ಕೇಳಿಯೂ ನನ್ನ ತಲೆಯಲ್ಲಿ ಯಾವ ಗಂಟೆಯೂ ಮೊಳಗಲಿಲ್ಲ.

ಮರುದಿನ ಆಕೆಗೆ ಕಳೆ ತೆಗೆಯಲು ಹೇಳಿ ಸಂಡೂರಿಗೆ ಹೋದೆ. ವಾಪಸು ಬರುವಾಗ ಅದಿರಿನ ಲಾರಿಗಳು ಸಾಲುಗಟ್ಟಿ ನಿಂತು ಬಸ್ಸು ಎರಡು ತಾಸು ಅಲ್ಲಾಡಲಿಲ್ಲ. ಹೊಲ ಮುಟ್ಟಿದಾಗ ಮಧ್ಯಾಹ್ನ. ಕಳೆ ಎಂದೋ ಮುಗಿದಿತ್ತು. ಬದುವಿನ ಮೇಲೆ, ಬೇರುಗಳೆಲ್ಲ ಒಂದೇ ದಿಕ್ಕಿಗೆ ಬರುವಂತೆ ಒಪ್ಪವಾಗಿ ಜೋಡಿಸಿದ ಸಜ್ಜೆ ಗಿಡಗಳ ಗುಡ್ಡೆಯಿತ್ತು. ಪಕ್ಕದಲ್ಲಿ ದೊಡ್ಡಕ್ಕ ಸೆರಗಿನಿಂದ ಬೆವರು ಒರೆಸಿಕೊಳ್ಳುತ್ತಾ ನಿಂತಿದ್ದಳು.

"ಭಾಳ ಬೆರಕಿ ಇತ್ತು ನೋಡ್ರಿ ಅಕ್ಕೋರ, ನಿಮ್ ಹೊಲ. ಕುಂದ್ರಾಕ ಮನಸಾಗ್ಲಿಲ್ಲ. ಒಂದೂ ಬಿಡದಂಗ ಕಿತ್ತೀನಿ" ಎಂದಳು. ಹೊಗಳಿಕೆಗೆ ಕಾಯುತ್ತಿದ್ದಳು ಪಾಪ.

ನಾನು ಹನ್ನೊಂದನೇ ಸಾಲಿಗೆ ಓಡಿದೆ. ಗಿಡವಿದ್ದ ಜಾಗದಲ್ಲಿ ಹಸಿ ಮಣ್ಣಿನ ಗುಂಡಿಯಿತ್ತು.

ಆಗ ನನ್ನ ಬಾಯಿಂದ ಬಂದ ಮಾತುಗಳನ್ನು ಇಲ್ಲಿ ಬರೆಯಲು ನಾಚಿಕೆಯಾಗುತ್ತದೆ. "ಯಾರ್ ಹೇಳಿದ್ರು ನಿಂಗೆ ಕೀಳು ಅಂತ? ಬೇರೆ ಬೇರೆ ಇರ್ಲಿ ಅಂತಾನೇ ಬಿತ್ತಿದ್ದು ನಾನು! ಮೂರು ವರ್ಷ ಮಣ್ಣುಪಾಲು ಮಾಡಿದೆ" ಎಂಬುದು ಅವುಗಳಲ್ಲಿ ಮರ್ಯಾದೆಯ ಭಾಗ. ತಾಯಿಯ ವಯಸ್ಸಿನವಳನ್ನು ಏಕವಚನದಲ್ಲಿ ಬೈಯುತ್ತಿದ್ದೇನೆ ಎಂಬ ಎಚ್ಚರವೂ ಇರಲಿಲ್ಲ. ಆಕೆಯೋ, ಬೇರೆ ಬೇರೆ ಇರಲಿ ಎಂದು ಯಾರಾದರೂ ಬಿತ್ತುತ್ತಾರೆ ಎಂಬುದನ್ನೇ ನಂಬಲಾಗದೆ ಹೊಲವನ್ನೂ ನನ್ನನ್ನೂ ನೋಡುತ್ತಿದ್ದಳು. ಚೀಟಿ ಕಟ್ಟದೆ ಹೋದವಳು ನಾನು, ಏನು ಕೀಳಬಾರದು ಎಂದು ಹೇಳದೆ ಹೋದವಳೂ ನಾನೇ. ಅದು ಒಳಗೆ ಗೊತ್ತಿದ್ದುದರಿಂದಲೇ ದನಿ ಇನ್ನೂ ಏರಿತು.

ಕೂಗಿ ಕೂಗಿ ಗಂಟಲು ಸೋತ ಮೇಲೆ ಗುಡ್ಡೆಯ ಮುಂದೆ ಕುಕ್ಕರುಗಾಲಲ್ಲಿ ಕುಳಿತು ಗಿಡಗಳನ್ನು ಒಂದೊಂದೇ ಎತ್ತಿದೆ. ನೇರಳೆ ದಂಟಿನದು. ಮೀಸೆ ಗಿಣ್ಣಿನದು. ಮರಿಯೇ ಇಲ್ಲದ್ದು. ಎಲೆ ಜೋತುಬಿದ್ದದ್ದು, ಎಲೆ ಸೆಟೆದು ನಿಂತದ್ದು. ಎತ್ತುತ್ತಾ ಹೋದಂತೆ ನನ್ನ ಕೈ ನಿಧಾನವಾಯಿತು. ಹಿಂದಿನ ವಾರವೆಲ್ಲ ಅಳೆದು, ತೂಗಿ, ಲೆಕ್ಕ ಹಾಕಿ, ಇವು ಉಳಿದವುಗಳಿಗಿಂತ ಭಿನ್ನ ಎಂದು ಪುಸ್ತಕದಲ್ಲಿ ಸುತ್ತು ಹಾಕಿಟ್ಟುಕೊಂಡಿದ್ದ ಗಿಡಗಳೆಲ್ಲ ಆ ಗುಡ್ಡೆಯಲ್ಲಿದ್ದವು. ನಾನು ಗಮನಿಸದೇ ಬಿಟ್ಟಿದ್ದ ಹತ್ತಾರು ಅವುಗಳ ಜೊತೆಗಿದ್ದವು. ಹೊಲದಲ್ಲಿ ಉಳಿದದ್ದು ಸಪ್ಪೆ ಸಜ್ಜೆ, ಎಲ್ಲಾ ಒಂದೇ ತರಹ. ಒಂದು ಬೆಳಗಿನಲ್ಲಿ, ಬರೀ ಕಣ್ಣಿನಲ್ಲಿ, ಆಕೆ ಇದನ್ನು ಮಾಡಿದ್ದಳು. ನನಗೆ ಸಿಟ್ಟಿನ ನಡುವೆಯೇ ಆಕೆಯ ಬಗ್ಗೆ ಒಂದು ಬಗೆಯ ಭಯಭಕ್ತಿ ಹುಟ್ಟಿತು. ಈ ಕಣ್ಣು ನನಗಿದ್ದರೆ, ಎಂದು ಹೊಟ್ಟೆಯೂ ಉರಿಯಿತು.

ನನ್ನ ಗಿಡ ಗುಡ್ಡೆಯ ತಳದಲ್ಲಿತ್ತು. ಎಲೆಗಳು ಸುರುಳಿ ಸುತ್ತಿ ಬಾಡಿದ್ದವು. ಅದನ್ನು ಮಡಿಲಲ್ಲಿಟ್ಟುಕೊಂಡು ನಾನು ಅತ್ತೆ.

ದೊಡ್ಡಕ್ಕ ಬಗ್ಗಿ ಅದರ ಬೇರು ಮುಟ್ಟಿ ನೋಡಿದಳು. "ಬೇರು ಇನ್ನಾ ಹಸಿ ಐತ್ರಿ. ಕಂಪ್ಲಿ ಗದ್ದ್ಯಾಗ ನೆಲ್ಲಿನ ಸಸಿ ಕಿತ್ತು ಹಚ್ಚಂಗಿಲ್ಲೇನ್ರಿ? ಇದನ್ನೂ ಹಚ್ಚೋಣು. ಅಳಾದು ಬಿಟ್ಟು ಜಲ್ದಿ ಏಳ್ರಿ."

ಇಬ್ಬರೂ ಬುಡವನ್ನು ಬಿಡಿಸಿ ಮರಿಗಳನ್ನು ಬೇರುಸಹಿತ ಸೀಳಿದೆವು. ಎರಡು ಮೂರು ಮರಿಗಳ ಒಂಬತ್ತು ಹಿಳ್ಳುಗಳಾದವು. ಎಲೆಯ ಮೇಲಿನರ್ಧ ಕುಡುಗೋಲಿನಿಂದ ಕೊಯ್ದು, ಬೋರಿನ ಕಾಲುವೆಯ ಪಕ್ಕ ಕೆಸರು ಮಾಡಿ ನೆಟ್ಟು, ಕೋಲು ಊರಿ ಮೇಲೆ ಹಸಿ ಗೋಣಿತಟ್ಟು ಹೊದಿಸಿದೆವು. ಬೇರೆ ಗಿಡಗಳಲ್ಲೂ ಕೆಲವನ್ನು ನೆಟ್ಟೆವು, ಅವೊಂದೂ ಬದುಕಲಿಲ್ಲ. ನಮ್ಮ ಒಂಬತ್ತರಲ್ಲಿ ಮೊದಲ ವಾರ ನಾಲ್ಕು ಹೋದವು. ಆಮೇಲೆ ಮೂರು. ಉಳಿದದ್ದು ಎರಡು: ಕಾಲುವೆಗೆ ಅಂಟಿಕೊಂಡಿದ್ದದ್ದು ಚೇತರಿಸಿಕೊಂಡು ಮೇಲೆದ್ದಿತು, ಇನ್ನೊಂದು ಕೊನೆಯಲ್ಲಿದ್ದ ಬೇವಿನ ಮರದ ನೆರಳಲ್ಲಿ ಕುಂಟುತ್ತಿತ್ತು.

ದೊಡ್ಡಕ್ಕ ದಿನವೂ ಕೆಲಸಕ್ಕಿಂತ ಮುಂಚೆ ಬಂದು ತಟ್ಟಿಗೆ ನೀರು ಚಿಮುಕಿಸುತ್ತಿದ್ದಳು. ಒಂದು ದಿನ ನಾನೇ ಬಾಯಿಬಿಟ್ಟೆ. "ದೊಡ್ಡಕ್ಕ, ಅವತ್ತು ಹಂಗೆ ಮಾತಾಡಬಾರದಿತ್ತು. ತಪ್ಪಾಯ್ತು."

"ತಪ್ಪು ನಿಮ್ದೂ ಐತಿ, ನಂದೂ ಐತಿ. ಗಿಡ ಉಳಿದ್ರ ಇಬ್ರುದೂ ಹೋಗ್ತೈತಿ ಬಿಡ್ರಿ" ಎಂದಳು.

ಗಿಡ ಉಳಿಯುವುದೊಂದೇ ಸಾಲದಿತ್ತು. ಅದರ ಬೀಜ ಬೇಕಿತ್ತು, ಅದೂ ಅದರದೇ ಪರಾಗದಿಂದ ಕಟ್ಟಿದ ಬೀಜ. ಹೊಲದಲ್ಲಿ ಉಳಿದಿದ್ದ ಸಪ್ಪೆ ಸಜ್ಜೆಯ ಪರಾಗ ಬಂದು ಕೂತರೆ ಅರ್ಧ ಗುಣ ಅಲ್ಲೇ ಕರಗಿಹೋಗುತ್ತದೆ. ಕಾಲುವೆಯ ಹಿಳ್ಳು ಮೊದಲ ತೆನೆ ಹಾಕಿದಾಗ ಅದಕ್ಕೆ ತೆಳು ಕಾಗದದ ಚೀಲ ತೊಡಿಸಿ ಬಾಯಿ ಕಟ್ಟಿದೆ. ಚೀಲದೊಳಗೆ ಬಿಳಿ ಎಳೆಗಳು ಚಾಚಿಕೊಂಡದ್ದು ಬೆಳಕಿಗೆ ಹಿಡಿದರೆ ಮಸುಕಾಗಿ ಕಾಣುತ್ತಿತ್ತು. ಒಂದು ದಿನ ಕಾದವು. ಎರಡನೇ ದಿನವೂ ಕಾದವು. ಮೂರನೇ ದಿನಕ್ಕೆ ಬಾಡಿದವು. ಅದರದೇ ಪರಾಗ ಇನ್ನೂ ಉದುರಿರಲಿಲ್ಲ. ಹೇಗೋ ಚೇತರಿಸಿಕೊಂಡಿದ್ದ ಹಿಳ್ಳು, ಅದರಲ್ಲಿ ಎರಡನೇ ತೆನೆಯ ಸುಳಿವೂ ಇಲ್ಲ. ಗಿಡದ ಯಾವ ಏರ್ಪಾಡನ್ನು ಕಂಡು ಬೆರಗಾಗಿದ್ದೆನೋ ಅದೇ ಈಗ ನನ್ನ ಕುತ್ತಿಗೆ ಹಿಸುಕುತ್ತಿತ್ತು.

ನಾಲ್ಕನೇ ದಿನ ಬೆಳಿಗ್ಗೆ ಬಸ್ಸಿಳಿದು ಹೊಲಕ್ಕೆ ಬಂದರೆ ದೊಡ್ಡಕ್ಕ ಬೇವಿನ ಬುಡದಿಂದ ಕೈ ಬೀಸಿ ಕರೆಯುತ್ತಿದ್ದಳು. ಕುಂಟುತ್ತಿದ್ದ ಹಿಳ್ಳಿನಲ್ಲಿ ಮಾರುದ್ದವೇನಲ್ಲ, ಗೇಣಿಗಿಂತ ಕಡಿಮೆಯ ಒಂದು ತೆನೆ ಬಂದಿತ್ತು. ಕಾಲುವೆಯ ತೆನೆಯ ಮೇಲೇ ಕಣ್ಣಿಟ್ಟಿದ್ದ ನಾನು ಆ ಕಡೆ ನೋಡಿರಲೇ ಇಲ್ಲ. ಸುಳಿಯಿಂದ ಇಣುಕಿದ ದಿನವೇ ಆಕೆ ನನ್ನನ್ನು ಕೇಳದೆ ಅದಕ್ಕೂ ಚೀಲ ಕಟ್ಟಿದ್ದಳು. ಒಳಗೆ ಬಿಳಿ ಎಳೆಗಳು ಆಗಷ್ಟೇ ಅರಳಿದ್ದವು.

"ಅಲ್ಲಿ ಪುಡಿ ಬಿದ್ದೈತ್ರಿ, ಇಲ್ಲಿ ಎಳಿ ಬಂದಾವು. ಎರಡೂ ಒಂದs ಗಿಡ ಅಲ್ಲೇನ್ರಿ? ನಾವs ಅಲ್ಲೇನು ಸೀಳಿದ್ದು?"

ಕಾಲುವೆಯ ತೆನೆಯ ಚೀಲ ತಟ್ಟಿದೆವು. ತಳದಲ್ಲಿ ಹಳದಿ ಪುಡಿ ಒಂದು ಚಿಟಿಕೆ. ಬೀಜದ ಹೊಲದಲ್ಲಿ ಹದಿನೈದು ವರ್ಷ ಹೂವಿಗೆ ಹೂ ಮುಟ್ಟಿಸಿದ ಕೈ ಆಕೆಯದು. ನಾನು ಸರಿದು ನಿಂತೆ. ಆಕೆ ಗಾಳಿಗೆ ಬೆನ್ನು ಮಾಡಿ, ಎಳೆಗಳ ಮೇಲಿನ ಚೀಲ ಕಳಚಿದ ಕ್ಷಣವೇ ಪುಡಿಯ ಚೀಲವನ್ನು ತೊಡಿಸಿ, ಮೆಲ್ಲಗೆ ಅಲ್ಲಾಡಿಸಿ ಬಾಯಿ ಕಟ್ಟಿದಳು. ಉಸಿರು ಬಿಡುವಷ್ಟರಲ್ಲಿ ಮುಗಿದಿತ್ತು. ಗಿಡವನ್ನು ಕಿತ್ತು ಸೀಳದೇ ಇದ್ದಿದ್ದರೆ ತನ್ನ ಪರಾಗ ತನಗೇ ಹೊತ್ತಿಗೆ ಸರಿಯಾಗಿ ಹೀಗೆ ಸಿಗುತ್ತಿತ್ತೋ ಇಲ್ಲವೋ, ನನಗೆ ಗೊತ್ತಿಲ್ಲ.

ತಿಂಗಳ ಮೇಲೆ ಚೀಲ ಬಿಚ್ಚಿದೆವು. ತೆನೆಯ ಮುಕ್ಕಾಲು ಭಾಗ ಜೊಳ್ಳು. ಉಳಿದ ಕಡೆ ಬೂದು ಬಣ್ಣದ ಗಟ್ಟಿ ಕಾಳು, ಒಂದು ಸಾಲು ಬಿತ್ತಲು ಸಾಕಾಗುವಷ್ಟು. ಪುಟ್ಟ ಡಬ್ಬಿಯಲ್ಲಿ ಹಾಕಿ ಮೇಲಿನವರಿಗೆ ತೋರಿಸಿದೆ. ಅವರು ಡಬ್ಬಿಯನ್ನು ಅಲ್ಲಾಡಿಸಿ, ಇಷ್ಟೇನಾ ಎಂದು ನಕ್ಕರು. ಆದರೂ ಇನ್ನೊಂದು ಹಂಗಾಮು ನೋಡೋಣ ಎಂದರು.

ಮುಂದಿನ ಮುಂಗಾರಿನಲ್ಲಿ ಬಿತ್ತಿದೆವು. ಎದ್ದದ್ದು ನಲವತ್ತು ಗಿಡ. ನಾನು ನನ್ನ ಗಿಡಕ್ಕಾಗಿ ಕಾಯುತ್ತಿದ್ದೆ. ನಲವತ್ತರಲ್ಲಿ ಕೆಲವಾದರೂ ಅಮ್ಮನ ಪಡಿಯಚ್ಚಾಗಿ ಬರುತ್ತವೆ ಎಂಬ ಆಸೆ. ತನ್ನದೇ ಪರಾಗದಿಂದ ಹುಟ್ಟಿದವೂ ಅಮ್ಮನನ್ನು ಹಾಗೇ ಹೋಲಬೇಕೆಂದಿಲ್ಲ, ಅದನ್ನು ನಾನೇ ನಾಲ್ಕು ಜನಕ್ಕೆ ಪಾಠ ಹೇಳಿದ್ದೇನೆ. ಆಸೆಗೆ ಪಾಠ ನಾಟುವುದಿಲ್ಲ. ಎರಡು ಮೊಳ ಎತ್ತರವಾದಾಗ ಸಾಲಿನಲ್ಲಿ ನಡೆದೆ. ಒಂದು ಕುಳ್ಳ, ಒಂದು ಉದ್ದ, ಒಂದು ಬಡಕಲು. ನಾಲ್ಕೈದು ಅಮ್ಮನ ಹತ್ತಿರ ಬಂದಿದ್ದವು, ಅಮ್ಮನಾಗಿರಲಿಲ್ಲ. ಅದರ ಮೇಲೆ ಇನ್ನೊಂದು ಕಂಟಕ: ಒಂದು ಗಿಡದ ಎಲೆಯ ನಡುವಿನ ನರ, ಬೆಳ್ಳಗಿರಬೇಕಾದದ್ದು, ಕಂದು ಬಣ್ಣಕ್ಕೆ ತಿರುಗಿತ್ತು, ತುಕ್ಕು ಹಿಡಿದಂತೆ. ಮೂರು ಗಿಡದಾಚೆ ಇನ್ನೊಂದು. ಇರುವ ನಲವತ್ತಕ್ಕೂ ರೋಗ ಹಬ್ಬಿದರೆ ಕಥೆ ಮುಗಿಯಿತು ಎಂದುಕೊಂಡೆ.

"ದೊಡ್ಡಕ್ಕ, ರೋಗ ಬಿದ್ದಿದೆ. ಕಂದು ನರದವನ್ನೆಲ್ಲಾ ಕಿತ್ತು ಸುಟ್ಟುಬಿಡೋಣ" ಎಂದು ಮೊದಲನೇ ಗಿಡದ ಬುಡಕ್ಕೆ ಕೈ ಹಾಕಿದೆ.

ಆಕೆ ನನ್ನ ಮಣಿಕಟ್ಟು ಹಿಡಿದಳು. "ತಡ್ರಿ."

ಕೈ ಬಿಡದೆಯೇ ಇನ್ನೊಂದು ಕೈಯಿಂದ ಸಾಲು ತೋರಿಸಿದಳು. "ರೋಗ ಆಗಿದ್ರ ಪಕ್ಕದ ಗಿಡಕ್ಕ ಹತ್ತಬೇಕಿತ್ತಲ್ರಿ? ನೋಡ್ರಿ, ಎಲಿ ಎಲಿ ತಾಗಿದ್ರೂ ಪಕ್ಕದ್ದು ಬೆಳ್ಳಗs ಐತಿ. ನಾ ಮುಂಜಾನೆದ್ದು ಎಣಿಸೀನಿ. ನಾಲ್ವತ್ತರಾಗ ಹತ್ತು. ಒಂದಿಲ್ಲಿ, ಒಂದಲ್ಲಿ. ಇದು ಹೊರಗಿಂದ ಬಂದದ್ದಲ್ರಿ, ತಾಯಿ ಹೊಟ್ಟ್ಯಾಗಿಂದs ಬಂದೈತಿ."

ನಲವತ್ತರಲ್ಲಿ ಹತ್ತು. ನಾಲ್ಕರಲ್ಲಿ ಒಂದು. ಬದುವಿನ ಮೇಲೆ ಕುಳಿತುಬಿಟ್ಟೆ. ಎಲೆಯ ಕಂದು ನರ ಒಂದು ಗುಣ. ಆ ಗುಣವಿದ್ದ ಗಿಡದ ದಂಟು ಮೆತ್ತಗಿರುತ್ತದೆ, ದನಕ್ಕೆ ಸುಲಭವಾಗಿ ಅರಗುತ್ತದೆ. ಮೇವಿನ ತಳಿ ತೆಗೆಯುವವರು ಇದಕ್ಕಾಗಿ ಜೀವಮಾನವೆಲ್ಲ ಹುಡುಕುತ್ತಾರೆ. ಪುಸ್ತಕದ ಚಿತ್ರದಲ್ಲಿ ನೋಡಿದ್ದೆ, ನನ್ನ ಹೊಲದಲ್ಲಿ ಬಂದಾಗ ಗುರುತು ಹಿಡಿಯಲಿಲ್ಲ. ತಾಯಿಗಿಡದ ನರ ಬೆಳ್ಳಗೇ ಇತ್ತು. ಒಳಗೆ ಅಡಗಿಸಿಟ್ಟುಕೊಂಡು ಎಷ್ಟು ತಲೆಮಾರಿನಿಂದ ದಾಟಿಸುತ್ತಾ ಬಂದಿತ್ತೋ. ತನ್ನ ಪರಾಗ ತನಗೇ ಸೇರಿದಾಗ ನಾಲ್ಕಕ್ಕೊಂದರಂತೆ ಹೊರಗೆ ಬಂದು ನಿಂತಿತ್ತು. ನಾನು ಆ ಗಿಡದ ಎತ್ತರ ಅಳೆದಿದ್ದೆ, ಮರಿ ಎಣಿಸಿದ್ದೆ, ಎಲ್ಲಾ ತಿಳಿದುಕೊಂಡೆ ಎಂದಿದ್ದೆ. ಅದರ ಬಗ್ಗೆ ನನಗೆ ಏನೂ ತಿಳಿದಿರಲಿಲ್ಲ.

ಕಣ್ಣು ತುಂಬಿಕೊಂಡಿತು. ಇದೆಲ್ಲವನ್ನೂ ದೊಡ್ಡಕ್ಕನಿಗೆ ಹೇಳಿದೆ. ಆಕೆ ಕಂದು ನರದ ಮೇಲೆ ಹೆಬ್ಬೆರಳು ಆಡಿಸುತ್ತಾ ಕೇಳಿಸಿಕೊಂಡಳು.

"ನೀವು ಹಿಡಿಯದಿದ್ದರೆ ನಾನು ಕಿತ್ತೇಬಿಡುತ್ತಿದ್ದೆ ದೊಡ್ಡಕ್ಕ" ಎಂದೆ. ಮೊದಲ ಸಲ ಆಕೆಗೆ ನನ್ನ ಬಾಯಿಂದ ಬಹುವಚನ ಬಂದಿತ್ತು.

"ಗೊತ್ತೈತ್ರಿ" ಎಂದಳು. "ಅದಕ್ಕs ನಾ ಇವತ್ತು ನೀವು ಬರೂ ಮೊದಲನೇ ಬಸ್ಸಿಗಿಂತ ಮುಂಚೆ ಬಂದು ಇಲ್ಲೇ ಕುಂತೀನಿ."